ನನ್ನ ಲಾರಿಯ ನೀರಿನಲ್ಲಿ ಬಿಡಾರ ಹೂಡಿದ್ದ ಗಾಳಿಗುಳ್ಳೆಯವರಿಗೆ

ಮಾನ್ಯ ಗಾಳಿಗುಳ್ಳೆಯವರೇ,

ತಮಗೆ ಸಲಾಮು. ನಮ್ಮ ಕಣಿವೆಯ ಪದ್ಧತಿಯಂತೆ ಮೊದಲು ತಮ್ಮ ಕುರಿ ಕುದುರೆಗಳ ಕ್ಷೇಮ, ಆಮೇಲೆ ಮಕ್ಕಳುಮರಿಗಳದು, ಕೊನೆಗೆ ತಮ್ಮ ಸೊಂಟನೋವಿನದು ವಿಚಾರಿಸಿಯೇ ವಿಷಯಕ್ಕೆ ಬರಬೇಕು; ಆದರೆ ತಮಗೆ ಕುರಿಯೂ ಇಲ್ಲ, ಸೊಂಟವೂ ಇಲ್ಲವಾದ್ದರಿಂದ, ನನ್ನ ಎಂಜಿನ್ನಿನೊಳಗೆ ಎಂಟು ದಿನ ಬೆಚ್ಚಗಿದ್ದಿರೆಂದು ನಂಬಿ ಮುಂದುವರಿಯುತ್ತೇನೆ. ನಾನು ನರಿನ್ ಕಡೆಯ ಶಾರ್ಶೆನ್, ಮೂವತ್ತೊಂದು ವರ್ಷದಿಂದ ಲಾರಿ ಓಡಿಸುವವನು, ಅರ್ಧ ಕಣಿವೆಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು, ಮತ್ತು ಇದನ್ನು ಕೇಳದವರಿಗೂ ಹೇಳಿಕೊಂಡು ತಿರುಗುವವನು.

ಜೂನ್ ತಿಂಗಳಲ್ಲಿ ನನ್ನ ಹೆಂಡತಿ ಬುರುಲ್ ತನ್ನ ತಮ್ಮನೊಂದಿಗೆ ಕುರಿ ಹೊಡೆದುಕೊಂಡು ಘಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಹೋದಳು. ಅವರ ಉಣ್ಣೆ ಗುಡಾರ, ಒಲೆ, ಹಾಸಿಗೆಗಳನ್ನೆಲ್ಲ ಮರುದಿನವೇ ಲಾರಿಯಲ್ಲಿ ತಲುಪಿಸುವ ಭಾರ ನನ್ನದಾಗಿತ್ತು. ಅದೇ ಬೆಳಿಗ್ಗೆ ಎಂಜಿನ್ನಿನ ಹೆಡ್ಡಿನಡಿ ನೀರು ಸೋರದಂತೆ ತಡೆಯುವ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿತು. ನಾನೇ ಹೆಡ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಎಂಜಿನ್ನು ತಣಿಸುವ ನೀರು ತುಂಬಿಸಿದೆ. ಮೂರು ಬಕೆಟ್ ಕುಡಿಯಬೇಕಾದ ಎಂಜಿನ್ನು ಎರಡೂಕಾಲು ಬಕೆಟ್ಟಿಗೇ ಸಾಕೆಂದಿತು. ಉಳಿದ ಮುಕ್ಕಾಲು ಬಕೆಟ್ಟಿನ ಜಾಗದಲ್ಲಿ ತಾವು ಕಾಲು ಚಾಚಿ ಮಲಗಿದ್ದೀರೆಂದು ಯಾವನಿಗಾದರೂ ಹೊಳೆಯಬೇಕಿತ್ತು, ನಾನು ಮಾತ್ರ ನೆರೆಯವರನ್ನು ಕರೆದು, "ನೋಡಿ, ಕೈಗುಣ ಅಂದ್ರೆ ಇದು! ನಾನು ರಿಪೇರಿ ಮಾಡಿದ ಮೇಲೆ ನೀರೇ ಕಮ್ಮಿ ಬೇಕು ಇದಕ್ಕೆ" ಎಂದೆ. ಅವರೂ ತಲೆದೂಗಿದರು, ಪಾಪ.

ಮೊದಲ ದಿನ ಘಟ್ಟದ ನಾಲ್ಕನೇ ತಿರುವಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು, ಅದೇ ನೀರಿನಿಂದ ಬಿಸಿಯಾಗಬೇಕಾದ ಕ್ಯಾಬಿನ್ನಿನ ಹೀಟರಿನಿಂದ ಹಿಮದಂಥ ಗಾಳಿ ಬಂತು. ನಾನು ಥರ್ಮೋಸ್ಟಾಟನ್ನು ಬೈದು ಕಿತ್ತೆಸೆದೆ. ಎರಡನೆಯ ಸಲ ಪಂಪನ್ನು ಬೈದೆ. ಮೂರನೆಯ ಸಲ ಗ್ಯಾಸ್ಕೆಟ್ ಮಾರಿದವನ ಮನೆತನವನ್ನು ಬೈದು, ಹೆಡ್ಡನ್ನು ಮತ್ತೆ ಬಿಚ್ಚಿ, ಎರಡನೆಯ ಗ್ಯಾಸ್ಕೆಟ್ ಕೊಂಡು ತಂದು ಮತ್ತೆ ಕೂರಿಸಿದೆ. ತಮ್ಮ ಹೆಸರನ್ನು ಒಮ್ಮೆಯೂ ಎತ್ತಲಿಲ್ಲವೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಇಷ್ಟರಲ್ಲಿ ಮೇಲೆ ಮಳೆ ಹಿಡಿದಿತ್ತು. ಬುರುಲ್ ಒಂದು ಹರಕು ತಾಡಪಾಲಿನಡಿ ಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತಿದ್ದಳು. ಇಳಿದು ಬರುವ ಕುದುರೆ ಸವಾರರ ಕೈಯಲ್ಲಿ ಹೇಳಿಕಳಿಸುತ್ತಿದ್ದಳು: "ಲಾರಿ ಬರಲ್ಲ ಅಂದ್ರೆ ಅದರ ಟೈರುಗಳನ್ನಾದ್ರೂ ಬಿಚ್ಚಿ ಕಳಿಸೋಕೆ ಹೇಳಿ. ನೆಲ ಒದ್ದೆ, ಕೂರೋಕಾದ್ರೂ ಆಗುತ್ತೆ." ಸವಾರರು ಇದನ್ನು ನನಗೆ ಹೇಳುವ ಮೊದಲು ದಾರಿಯ ಮೂರು ಊರುಗಳಿಗೆ ಹೇಳಿರುತ್ತಿದ್ದರು. ನನಗೆ ನಗು ಬರಲಿಲ್ಲ. ಅವಳ ಕೀಲುನೋವು ನನಗೆ ಗೊತ್ತು, ಆ ಒದ್ದೆ ನೆಲವೂ ಗೊತ್ತು.

ಈಗ ನನ್ನ ಘನಕಾರ್ಯವನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಬ್ಯಾಟರಿ ಮುದಿಯಾದ ಲಾರಿಯನ್ನು ಯಾರೂ ಮೂತಿ ಮೇಲೆ ಮಾಡಿ ನಿಲ್ಲಿಸುವುದಿಲ್ಲ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ, ಉರುಳಿಸಿ ಶುರುಮಾಡಬಹುದು. ಈ ಪಾಠವನ್ನು ನಾನೇ ಎಲ್ಲರಿಗೂ ಕಲಿಸಿದ್ದು. ಹಾಗಾಗಿ ಎಂಜಿನ್ನು ಕಾದಾಗಲೆಲ್ಲ ನಾನು ಮೊದಲು ಲಾರಿಯನ್ನು ಕಷ್ಟಪಟ್ಟು ತಿರುಗಿಸಿ, ಮೂತಿಯನ್ನು ಕಣಿವೆಗೆ ಮಾಡಿ, ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹಾಕುತ್ತಿದ್ದೆ. ಮುಚ್ಚಳ ಇರುವುದು ಮೂತಿಯಲ್ಲಿ. ತಾವು ಸ್ವಭಾವತಃ ಎತ್ತರಕ್ಕೆ ಏರುವವರು. ಬಾಗಿಲನ್ನು ಕೆಳಗಿಟ್ಟು, ತಮ್ಮನ್ನು ಎಂಜಿನ್ನಿನ ಹಿಂದಿನ ಅಟ್ಟಕ್ಕೆ ಹತ್ತಿಸಿ, "ಇನ್ನೂ ಯಾಕೆ ಹೊರಡಲಿಲ್ಲ?" ಎಂದು ಕೇಳಿದ ಆತಿಥೇಯ ನಾನು.

ಆದರೂ ತಮ್ಮ ಮೇಲೆ ಕೆಲವು ಆಕ್ಷೇಪಗಳಿವೆ. ಗುಂಪಿನ ಮುಂದಿನ ಮೇಕೆಯಂತೆ ತಾವು ಕೊರಳಿಗೊಂದು ಗಂಟೆ ಕಟ್ಟಿಕೊಂಡಿದ್ದರೆ, ಯಾವ ಕೊಳವೆಯಲ್ಲಿದ್ದೀರೆಂದು ತಿಳಿಯುತ್ತಿತ್ತು. ವಾಸ್ತವ್ಯಕ್ಕೆ ಮುನ್ನ ಲಿಖಿತ ಅರ್ಜಿ ಕೊಡಬಹುದಿತ್ತು. ಕನಿಷ್ಠ ಪಕ್ಷ ನಮ್ಮೂರ ಚಹಾದಂಗಡಿಗೆ ಖುದ್ದಾಗಿ ಬಂದು, ಎರಡನೆಯ ಗ್ಯಾಸ್ಕೆಟ್ ಬೇಕೇ ಇರಲಿಲ್ಲವೆಂದು ಸಾಕ್ಷಿ ಹೇಳಬಾರದೆಂದು ಈಗಲೂ ಬೇಡಿಕೊಳ್ಳುತ್ತೇನೆ.

ಎಂಟನೆಯ ದಿನ ಅದೇ ನಾಲ್ಕನೇ ತಿರುವಿನಲ್ಲಿ ಮುಳ್ಳು ಏರಿದಾಗ ತಿರುಗಿಸಲು ಹೋದೆ. ಹಿಂದೆ ನನ್ನ ಶಿಷ್ಯ ಕೆಂಜೆಬೆಕ್‌ನ ಲಾರಿ ನಿಂತಿತ್ತು. "ಜಾಗ ಎಲ್ಲಿದೆ ಶಾರ್ಶೆನಣ್ಣಾ? ನನ್ನ ಹಿಂದೆ ಎಂಟುನೂರು ಕುರಿ ಬರ್ತಿವೆ. ಅದೇನು ಮಾಡ್ತೀಯೋ ಅಲ್ಲೇ ನಿಂತು ಮಾಡು" ಎಂದು ಕೂಗಿದ. ಜೀವಮಾನದಲ್ಲಿ ಮೊದಲ ಬಾರಿ ಲಾರಿಯನ್ನು ಮೂತಿ ಮೇಲಾಗಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ನು ತಣಿಯುವವರೆಗೆ ತಲೆತಗ್ಗಿಸಿ ಕುಳಿತೆ. ಮುಚ್ಚಳ ತೆಗೆದು ನೀರು ಹಾಕಿದ್ದೇ ತಡ, ತಾವು ಗುಳಗುಳ ಎನ್ನುತ್ತ ಎದ್ದು ಬಂದಿರಿ. ಕೆಂಜೆಬೆಕ್‌ನ ಬ್ಯಾಟರಿಯಿಂದ ಕರೆಂಟು ಪಡೆದು, ಮುಚ್ಚಳ ತೆರೆದಿಟ್ಟೇ ಎಂಜಿನ್ನನ್ನು ಮೆಲ್ಲಗೆ ಓಡಿಸಿದಾಗ ತಮ್ಮ ಉಳಿದ ಬಂಧುಬಳಗವೂ ಹೊರಟುಹೋಯಿತು. ಸರಿಯಾಗಿ ಮುಕ್ಕಾಲು ಬಕೆಟ್ ನೀರು ಹಿಡಿಯಿತು. ಹೀಟರಿನ ಕೊಳವೆ ಮುಟ್ಟಲಾಗದಷ್ಟು ಬಿಸಿಯಾಯಿತು.

"ಅಣ್ಣಾ, ಮೂತಿ ಮೇಲಿಟ್ಟು ಗಾಳಿ ತೆಗೆಯೋದನ್ನ ನಮಗ್ಯಾಕೆ ಹೇಳಿಕೊಡಲಿಲ್ಲ?" ಎಂದ ಕೆಂಜೆಬೆಕ್.

"ಎಲ್ಲಾ ಒಂದೇ ಸಲ ಹೇಳಿಕೊಟ್ಟರೆ ನೀವು ನನ್ನ ಮರೀತೀರಿ" ಎಂದೆ. ನಾಚಿಕೆಯೇ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲೆ ತಲುಪಿದೆ. ಬುರುಲ್ ಕ್ಯಾಬಿನ್ನಿಗೆ ಹತ್ತಿ, ಹೀಟರಿಗೆ ಎರಡೂ ಕೈ ಹಿಡಿದು ಕಣ್ಣು ಮುಚ್ಚಿದಳು. ಬೆರಳುಗಳು ಊದಿ ನೀಲಿಗಟ್ಟಿದ್ದವು. ನನಗೆ ಅಳು ಬಂತು, ಅದನ್ನು ಮುಚ್ಚಲು ನನ್ನ ವಿಧಾನವನ್ನು ವಿವರಿಸತೊಡಗಿದೆ: ಇಳಿಜಾರಿನ ಲೆಕ್ಕಾಚಾರ, ಕೊಳವೆಗಳ ಎತ್ತರ, ಮೂವತ್ತೊಂದು ವರ್ಷದ ಅನುಭವ.

ಅವಳು ಕಣ್ಣು ತೆರೆಯದೆಯೇ ಹೇಳಿದಳು: "ಮೇಷ್ಟ್ರೇ, ನಾಲ್ಕನೇ ತಿರುವು ಇಲ್ಲಿಂದ ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತೆ. ಮೂರು ಸಲ ಬಂದ್ರಿ, ಮೂರು ಸಲವೂ ತಿರುಗಿಸಿ ನೀರು ಹುಯ್ದ್ರಿ. ಕುದುರೆ ಹಾಲು ಹುಳಿ ಹಾಕೋ ಕುಮಿಸ್ ಚೀಲಕ್ಕೆ ಬಾಯಿ ಕೆಳಗೆ ಮಾಡಿ ಯಾರಾದ್ರೂ ಹಾಲು ತುಂಬ್ತಾರಾ? ಗಂಡಸರ ಕೆಲಸ, ಏನೋ ಕಾರಣ ಇರಬೇಕು ಅಂತ ಸುಮ್ಮನಿದ್ದೆ."

ಇಂತಿ, ಮೂತಿ ಮೇಲೆತ್ತಲಾಗದೆ ನಿಂತಿರುವ
ತಮ್ಮ ವಿಶ್ವಾಸಿ,
ಶಾರ್ಶೆನ್

ತಾ.ಕ.: ತಮಗೆ ಹೊಸ ಬಿಡಾರ ಬೇಕಿದ್ದರೆ, ನನ್ನಿಂದ ಚಾಲನೆ ಕಲಿತ ಇಪ್ಪತ್ತಮೂರು ಮಂದಿಯ ವಿಳಾಸ ಕೊಡಬಲ್ಲೆ. ಕೆಂಜೆಬೆಕ್‌ನ ಮನೆಗೆ ಮಾತ್ರ ಹೋಗಬೇಡಿ, ಅವನಿಗೆ ಈಗ ಗೊತ್ತು. ಉಳಿದವರಿಗೆ ತಿಳಿಯುವವರೆಗೆ ಈ ಬಹಿರಂಗ ಪತ್ರವನ್ನು ಗುಟ್ಟಾಗಿಡಬೇಕೆಂದು ಕೋರಿಕೆ.