ಮಸ್ಕತ್ತಿನ ಪಾರ್ಕಿನಾಗ ನಮ್ಮತ್ತಿ ಚೆಲ್ಲಿದ ಚರಗ

ನಮ್ಮ ರಾಯಬಾಗ ಕಡೆ ಮಂದಿ ಪರದೇಶಕ್ಕ ಹೋಗಿ ಒಂದ ಪಾರ್ಕಿನಾಗ ಕಾಲಿಟ್ರ ಸಾಕು, ಏನರೆ ಒಂದ ಫಜೀತಿ ಆಗೇ ಆಗತೈತಿ. ಬ್ಯಾರೆಯವರಿಗೆ ಅದು ಗಾಳಿ ತಗೊಳ್ಳೋ ಜಾಗ. ನಮಗ ಮಾತ್ರ ಯಾರದೋ ಹೊಲ ಇದ್ದಂಗ ಕಾಣತೈತಿ.

ತೊಂಬತ್ತರ ದಶಕದ ಮಾತಿದು. ನಮ್ಮನಿಯವರು ಮಸ್ಕತ್ತಿನಾಗ ಪಂಪ್ ರಿಪೇರಿ ಕೆಲಸದಾಗ ಇದ್ರು. ನಾ ಬಸರಿ. ನಮ್ಮವ್ವ ತೀರಿಕೊಂಡಿದ್ಲು, ಹಂಗಾಗಿ ಬಾಣಂತನಕ್ಕಂತ ಊರಿಂದ ನಮ್ಮತ್ತಿಯವರನ್ನ ಕರಿಸಿಕೊಂಡ್ವಿ. ಬಂದ ವಾರ ಕಳಿಯೂದ್ರಾಗ ಅವರು ಗಂಟ ಕಟ್ಟಿ ಕುಂತ್ರು. ನನ್ನ ಎಮ್ಮಿ ಸೊರಗಿರತೈತಿ, ಇಲ್ಲಿ ಮಾತಾಡಾಕ ಒಂದ ನರಪಿಳ್ಳಿ ಇಲ್ಲ, ನನ್ನ ಊರಿಗೆ ಕಳಸ್ರಿ ಅಂತ ಹಟ ಹಿಡದ್ರು. ನನಗ ಚಿಂತಿ ಹತ್ತಿತು. ಗೊತ್ತಿಲ್ಲದ ದೇಶದಾಗ ಹಡಿಯೂದು, ಹತ್ರ ಒಬ್ಬ ಹಿರೇ ಹೆಣಮಗಳ ಇಲ್ಲ ಅಂದ್ರ ಹೆಂಗ? ಅದಕ್ಕ ನಮ್ಮನಿಯವರು ಒಂದ ಉಪಾಯ ಮಾಡಿದ್ರು. ಪ್ರತಿ ಶುಕ್ರವಾರ ಸೂಟಿ ದಿನ ಅವರವ್ವನ್ನ ಪಾರ್ಕಿಗೆ ಕರಕೊಂಡ ಹೋಗಿ ಮನಸ ತಿರುಗಸೂದು.

ಹುಲ್ಲು

ಮೊದಲನೇ ಶುಕ್ರವಾರ ಅತ್ತಿಯವರು ಹೂ ನೋಡ್ಲಿಲ್ಲ, ಕಾರಂಜಿ ನೋಡ್ಲಿಲ್ಲ. ಸೀದಾ ಹುಲ್ಲಿನ ಮ್ಯಾಲ ಕುಂತು, ಒಂದ ಎಸಳ ಹರಿದು ಹಲ್ಲಾಗ ಕಡದ ನೋಡಿದ್ರು. ಚೊಲೊ ಐತಿ, ಇದನ್ನ ಯಾರ ದನಾ ಮೇಯ್ತಾವ ಅಂತ ಕೇಳಿದ್ರು. ಯಾವ ದನಾನೂ ಇಲ್ರಿ, ಬರೇ ನೋಡಾಕ ಬೆಳಸ್ಯಾರ ಅಂತ ನಾ ಹೇಳಿದೆ. ಅವರಿಗೆ ನಂಬಿಗಿ ಬರಲಿಲ್ಲ. ಮರುಭೂಮಿಯಾಗ ಇಷ್ಟ ನೀರ ಬಿಟ್ಟು, ಬರೇ ನೋಡಾಕ? ಮಗನ್ನ ಕರದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಕೊಂಡ್ರು.

ನಾವಿಬ್ರೂ ಚಾ ತರಾಕ ಹೋಗಿ ಬರೂದ್ರಾಗ, ಮಾಲಿ ಕತ್ತರಿಸಿ ಗುಂಪಿ ಹಾಕಿದ್ದ ಹುಲ್ಲನ್ನ ನಮ್ಮ ಚಾದರದಾಗ ಹೊರಿ ಕಟ್ಟಿ, ತಲಿ ಮ್ಯಾಲ ಇಟಗೊಂಡು ಗೇಟಿನ ಕಡೆ ಹೊಂಟಿದ್ರು. ನಮ್ಮನಿಯವರು ಓಡಿ ಹೋಗಿ, ಯವ್ವಾ, ನಾವ ಇರೂದು ಮೂರನೇ ಮಾಳಿಗಿ ಮ್ಯಾಲ, ಅಲ್ಲಿ ಎಮ್ಮಿ ಎಲ್ಲೈತಿ ಅಂದ್ರು.

"ಎಮ್ಮಿ ಇಲ್ಲಂತ ಇಂಥಾ ಹುಲ್ಲ ಬಿಟ್ಟ ಬರಾಕ ಆಗತೈತೇನೋ?" ಅಂದ್ರು ಅತ್ತಿಯವರು.

ಸುತ್ತು

ಸಂಜಿಮುಂದ ಪಾರ್ಕಿನಾಗ ಮಂದಿ ವಾಕಿಂಗ್ ಮಾಡತಿದ್ರು. ಅತ್ತಿಯವರು ಗದ್ದಕ್ಕ ಕೈ ಕೊಟ್ಟ ನೋಡಕೋಂತ ಕೂಡತಿದ್ರು. ಹೋದವರ ಮತ್ತ ಬರ್ತಾರ, ಬಂದವರ ಮತ್ತ ಹೋಗ್ತಾರ. ಎಲ್ಲಾರೂ ಏನೋ ಕಳಕೊಂಡ ಹುಡಕಾಕತ್ತಾರ ಅಂತ ಅವರ ಲೆಕ್ಕ. ಒಂದ ಶುಕ್ರವಾರ, ಪಾಪ, ನಾವೂ ಹುಡಕೂನು ನಡಿ ಅಂತ ನನ್ನೂ ಎಬ್ಬಸಾಕ ಬಂದ್ರು.

ಅಷ್ಟ್ರಾಗ ಸೀರಿ ಮ್ಯಾಲ ಬೂಟ ಹಾಕ್ಕೊಂಡ ಒಬ್ಬಾಕಿ ಬಂದ್ಲು. ಸೀರಿ ಉಟ್ಟ ರೀತಿ ನೋಡೇ ಅತ್ತಿಯವರು ಇಕಿ ನಮ್ಮ ಗಡಿ ಕಡೆ ಮರಾಠಿಯಾಕಿ ಅಂತ ಗುರ್ತ ಹಿಡದು, ಏನ ಕಳಕೊಂಡಿ ಬಾಯಿ ಅಂತ ಮರಾಠಿಯಾಗ ಕೇಳೇಬಿಟ್ರು. ಆಕಿ ನಕ್ಕು, ಏನೂ ಕಳದಿಲ್ಲ ಮಾವಶಿ, ಮೈ ಕರಗಸಾಕ ತಿರಗತೀನಿ ಅಂದ್ಲು. ಮಾತಿಗೆ ಮಾತ ಬೆಳದು, ಆಕಿ ತವರಮನಿ ನಮ್ಮೂರ ಕಡೆ ಕಾಗವಾಡ ಅಂತ ಗೊತ್ತಾತು. ಅಲ್ಲಿಂದ ಇಬ್ಬರೂ ಕನ್ನಡಕ್ಕ ಇಳದ್ರು. ಅಂತೂ ಮಾತಾಡಾಕ ಒಂದ ಜೀವ ಸಿಕ್ಕಿತಲ್ಲಾ ಅಂತ ನನಗ ಎಷ್ಟೋ ಸಮಾಧಾನ ಆತು.

ಆಕಿ ಹೊಂಡುಮುಂದ ಅತ್ತಿಯವರು ಕರದ ಹೇಳಿದ್ರು. "ಖಾಲಿ ಕೈಲೆ ತಿರಗಿದ್ರ ಏನ ಕರಗತೈತಿ ಯವ್ವಾ? ಬರೂ ವಾರ ಎರಡ ಕೊಡಾ ತಾ. ನೀರ ತುಂಬಿ ನಾ ಹೊರಸ್ತೀನಿ."

ಚರಗ

ಇಷ್ಟೆಲ್ಲಾ ಆದ್ರೂ ಅತ್ತಿಯವರು ಊರಿಗೆ ಹೋಗೂ ಹಟ ಬಿಡ್ಲಿಲ್ಲ. ಎಳ್ಳ ಅಮಾಸಿ ಹತ್ರ ಬಂತು. ಅವತ್ತ ನಮ್ಮ ಕಡೆ ಹೊಲಕ್ಕ ಹೋಗಿ, ಮಾಡಿದ ಅಡಗಿ ಎಲ್ಲಾ ಕಲಸಿ, ಬೆಳಿ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಸ್ತಾರ. ಅದಕ್ಕ ಚರಗ ಅಂತಾರ. ಬೆಳಿ ಹೊತ್ತ ಭೂಮಿ ಬಸರಿ ಇದ್ದಂಗ ಅಂತ ನಮ್ಮ ನಂಬಿಗಿ. ಅವತ್ತ ನಾ ನನ್ನ ಹೊಲದಾಗ ಇರಬೇಕು, ಟಿಕೀಟ ತಗಿ ಅಂತ ಅತ್ತಿಯವರು ಮಗನ್ನ ಗಂಟ ಬಿದ್ರು. ನಾ ಅಡಗಿಮನ್ಯಾಗ ಹೋಗಿ ಅತ್ತಬಿಟ್ಟೆ. ಕಡೀಗೆ ನಮ್ಮನಿಯವರು, ಯವ್ವಾ, ಚರಗ ಇಲ್ಲೇ ಚೆಲ್ಲೂನು, ಆಮ್ಯಾಲ ಟಿಕೀಟ ತಗೀತೀನಿ ಅಂತ ಹೆಂಗೋ ಒಪ್ಪಿಸಿದ್ರು.

ಸಜ್ಜಿ ಕಡಬು, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗಿ ಮಾಡಕೊಂಡ ಪಾರ್ಕಿಗೆ ಹೋದ್ವಿ. ಅತ್ತಿಯವರು ಬುಟ್ಟಿ ಹಿಡಕೊಂಡ ಮುಂದ, ಹುಲ್ಲಿನ ಅಂಚಿಗುಂಟ ಚೆಲ್ಲಕೋಂತ. ಇವರು ತಂಬಿಗಿ ಹಿಡಕೊಂಡ ಹಿಂದ, ನೀರ ಸಿಂಪಡಸಕೋಂತ. ಮುಕ್ಕಾಲ ಸುತ್ತ ಆಗಿರಬೇಕು, ಬಿಳಿ ಗಡ್ಡದ ಕಾವಲುಗಾರ ಸೀಟಿ ಊದಕೋಂತ ಓಡಿ ಬಂದ. ಕಸಾ ಚೆಲ್ಲಾಕ ಇದೇನ ನಿಮ್ಮಪ್ಪನ ಜಾಗಾನ, ದಂಡಾ ಹಾಕಸ್ತೀನಿ ಅಂತ ಹಿಂದಿಯಾಗ ಕೂಗ್ಯಾಡಿದ. ಇವರು ತಂಬಿಗಿ ಬೆನ್ನ ಹಿಂದ ಮುಚ್ಚಿಟ್ರು. ನೌಕರಿ ಹೋತು ಅಂತ ನಾ ಅಲ್ಲೇ ಕುಂತಬಿಟ್ಟೆ.

ಅತ್ತಿಯವರು ಮಾತ್ರ ಹೆದರಲಿಲ್ಲ. ಮಿರಜ ಪ್ಯಾಟಿಯಾಗ ಕಲತಿದ್ದ ಹಿಂದಿಯಾಗ ಅವಗ ತಿಳಿಸಿ ಹೇಳಿದ್ರು. ಮೊದಲ ನನ್ನ ಹೊಟ್ಟಿ ತೋರಿಸಿದ್ರು, ಆಮ್ಯಾಲ ನೆಲಾ ತೋರಿಸಿದ್ರು. ಇಕಿ ಬಸರಿ, ಇದೂ ಬಸರಿ, ನಿಮ್ಮ ದೇಶದಾಗ ಬಸರಿ ಹೆಂಗಸನ್ನ ಉಪಾಸ ಇಡತೀರೇನು ಅಂತ ಕೇಳಿದ್ರು. ಮುದುಕ ನನ್ನ ನೋಡಿದ, ಹುಲ್ಲ ನೋಡಿದ, ಬುಟ್ಟಿ ನೋಡಿದ. ಆಮ್ಯಾಲ ಸೀಟಿ ಕಿಸೇದಾಗ ಇಟ್ಟು, ಆ ಖಜೂರದ ಗಿಡದ ಮೂಲಿ ಉಳೀತು ನೋಡಮ್ಮಾ ಅಂದ.

ಮೂಲಿ ಮುಗಿಸಿ ಬಂದು ಊಟಕ್ಕ ಕುಂತ್ವಿ. ಕಾವಲುಗಾರನೂ ನಮ್ಮ ಜೋಡಿ ಕುಂತು ಎಣ್ಣಿಗಾಯಿಗೆ ಮಾರುಹೋದ. ಆಗ ಇವರು ಮೆಲ್ಲಕ ಅವರವ್ವನ್ನ ಕೇಳಿದ್ರು. "ಯವ್ವಾ, ಚರಗಾ ಆತು. ಟಿಕೀಟ ಯಾವತ್ತಿಗೆ ತಗೀಲಿ?"

ಅತ್ತಿಯವರು ಮಗನ್ನ ಮೇಲಿಂದ ಕೆಳಗ ನೋಡಿದ್ರು.

"ಚರಗ ಚೆಲ್ಲಿದಾಕಿ ಸುಗ್ಗಿ ಮಾಡದ ಹೊಲ ಬಿಟ್ಟ ಹೋಗ್ತಾಳೇನೋ?"

"ಈ ಪಾರ್ಕಿನಾಗ ಎಲ್ಲಿ ಸುಗ್ಗಿ ಬೇ?"

ಅತ್ತಿಯವರು ಒಂದ ಕಡಬ ಎತ್ತಿ ನನ್ನ ತಾಟಿನಾಗ ಹಾಕಿದ್ರು. "ಪಾರ್ಕ ಬಿಡೋ ಹುಚ್ಚಪ್ಪಾ. ನಿನ್ನ ಬೆಳಿ ಇಲ್ಲಿ ಕುಂತ ಕಡಬ ತಿನ್ನಾಕತ್ತೈತಿ, ನೋಡು."