ಅತ್ತೆ ತೋಡಿದ ಹೊಂಡಗಳು

ನನ್ನ ಸೋದರತ್ತೆ ಬರುವುದನ್ನು ಕಂಡರೆ ಪುತ್ತೂರು ಪೇಟೆಯಲ್ಲಿ ಅಂಗಡಿಯ ಬಾಗಿಲು ಎಳೆದುಕೊಳ್ಳುವವರಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಅವರೇನು ಜಗಳಗಂಟಿಯೇ? ಅಲ್ಲ. ಚಂದಾ ಎತ್ತುತ್ತಿದ್ದರೇ? ಅದೂ ಅಲ್ಲ. ಅಂಗಡಿಗಳ ಎದುರು ಹೊಂಡ ತೋಡುತ್ತಿದ್ದರು!

ಎಂಬತ್ತರ ದಶಕದ ಆರಂಭ. ಪೇಟೆ ಬೆಳೆಯುತ್ತಿತ್ತು; ಗುಡ್ಡ ಅಗೆದಲ್ಲೆಲ್ಲ ಕಟ್ಟಡ ಏಳುತ್ತಿತ್ತು. ಟೀಚರಾಗಿ ನಿವೃತ್ತರಾಗಿದ್ದ ಅತ್ತೆಗೆ ಒಂದೇ ಹಠ: ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ನಡು ಮಧ್ಯಾಹ್ನವೂ ಕೊಡೆ ಬಿಡಿಸದೆ ಆಸ್ಪತ್ರೆಗೆ ಮುಟ್ಟಬೇಕು. ಅದಕ್ಕೆ ದಾರಿಯುದ್ದಕ್ಕೂ ಮರ ಬೇಕು. ಎಲ್ಲಿ ಯಾವುದು ಎಂಬುದೂ ಅವರ ತಲೆಯಲ್ಲಿ ನಿಶ್ಚಯವಾಗಿತ್ತು. ಚರಂಡಿಯ ಪಕ್ಕ ಹೊಂಗೆ, ಶಾಲೆಯ ಗೇಟಿಗೆ ನೇರಳೆ, ಕರೆಂಟು ತಂತಿಯ ಕೆಳಗೆ ದಾಸವಾಳ. ತೆಂಗು ಮಾತ್ರ ಕೂಡದು. "ನೆರಳು ಕೊಡುದು ಬೆರಳಷ್ಟು, ತಲೆ ಒಡೆಯುದು ಗ್ಯಾರಂಟಿ!"

ನಾನು ಅಲ್ಲಿಯ ಬ್ಯಾಂಕೊಂದಕ್ಕೆ ಸೇರಿ ಅತ್ತೆಯ ಮನೆಯಲ್ಲೇ ಉಳಿದೆ. ಮನೆಯೂಟ ಸಿಕ್ಕಿತೆಂದು ಹಿಗ್ಗಿದ್ದೆ. ಮೊದಲ ಬೆಳಿಗ್ಗೆಯೇ ಕೈಗೆ ಸಗಣಿ ಗೊಬ್ಬರದ ಬುಟ್ಟಿ ಬಂದಾಗ ಆ ಹಿಗ್ಗು ಇಳಿಯಿತು. ಎಷ್ಟು ಸೋಪು ಹಾಕಿ ತಿಕ್ಕಿದರೇನು? ಬ್ಯಾಂಕಿನಲ್ಲಿ ನನ್ನ ಕೌಂಟರಿನೆದುರು ಮಾತ್ರ ಕ್ಯೂ ಇರುತ್ತಿರಲಿಲ್ಲ!

ಒಮ್ಮೆ ಜವಳಿ ಅಂಗಡಿಯ ಯಜಮಾನರು ಅಡ್ಡ ಬಂದರು. "ಟೀಚರೇ, ಮರ ದೊಡ್ಡದಾದರೆ ನನ್ನ ಬೋರ್ಡು ಕಾಣುದಿಲ್ಲ."

"ಬೋರ್ಡು ಓದಬೇಕಾದರೆ ಜನ ನಿಲ್ಲಬೇಕಲ್ಲ? ಈ ಬಿಸಿಲಿಗೆ ಯಾರು ನಿಲ್ತಾರೆ ಮಾರಾಯ್ರೆ?"

ಮರುದಿನ ಅವರೇ ಗಿಡಕ್ಕೆ ಬೇಲಿ ಕಟ್ಟಿಸಿದರು. ಬೇಲಿಯ ಮೇಲೂ ಅಂಗಡಿಯ ಹೆಸರು ಬರೆಸಿದ್ದರೆನ್ನಿ!

ನಿಜವಾದ ಸಂಕಟ ಬಂದದ್ದು ರಸ್ತೆ ಅಗಲ ಮಾಡುವಾಗ. ಆಸ್ಪತ್ರೆಯ ತಿರುವಿನಲ್ಲಿ ಹಳೆಯ ಮಾವಿನ ಮರವೊಂದಿತ್ತು. ಸುಳ್ಯ, ಕಡಬ ಕಡೆಯಿಂದ ಬಂದ ರೋಗಿಗಳ ಮನೆಯವರು ಬುತ್ತಿ ಬಿಚ್ಚುತ್ತಿದ್ದುದು ಅದರ ಬುಡದಲ್ಲೇ. ಮಂಗಳೂರಿನಿಂದ ಬಂದ ಎಂಜಿನಿಯರು ಕಡಿಯಲೆಂದು ಅದಕ್ಕೆ ಸುಣ್ಣದ ಗುರುತು ಹಾಕಿಸಿದರು. ಅತ್ತೆ ಕೂಗಾಡಲಿಲ್ಲ. ಸುಡು ಮಧ್ಯಾಹ್ನ ಅವರನ್ನು ಬೋಳು ರಸ್ತೆಯಲ್ಲಿ ನಿಲ್ಲಿಸಿ, "ನಿಮ್ಮ ನಕ್ಷೆ ಸ್ವಲ್ಪ ವಿವರಿಸಿ" ಎಂದರು. ಅವರು ವಿವರಿಸಿದರು. ಅತ್ತೆಗೆ ಅರ್ಥವಾಗಲಿಲ್ಲ. ಮತ್ತೆ ವಿವರಿಸಿದರು. ಊಹೂಂ! ಬೆವರು ಹನಿದು ನಕ್ಷೆಯಲ್ಲಿದ್ದ ರಸ್ತೆಯೇ ಕದಡಿಹೋಯಿತು.

"ಬನ್ನಿ, ಆ ಮರದಡಿಗೆ ಹೋಗುವ. ಅಲ್ಲಿ ನೆರಳುಂಟು," ಎಂದರು ಎಂಜಿನಿಯರು.

"ಇವತ್ತು ಉಂಟು. ನೀವು ಕಡಿದ ಮೇಲೆ ಎಲ್ಲಿಗೆ ಹೋಗುದು?"

ಅವರು ಮರವನ್ನು ನೋಡಿದರು. ಅದರ ಬುಡದಲ್ಲಿ ಮಗುವನ್ನು ಮಲಗಿಸಿ ಗಾಳಿ ಬೀಸುತ್ತಿದ್ದ ತಾಯಿಯನ್ನು ನೋಡಿದರು. ನಕ್ಷೆಯನ್ನು ಸುರುಳಿ ಸುತ್ತಿದರು. ವಾರದಲ್ಲಿ ರಸ್ತೆ ಆಚೆ ಬದಿಗೆ ಸರಿಯಿತು, ಮರ ಉಳಿಯಿತು. ಅತ್ತೆ ಪೇಟೆಗೆಲ್ಲ ಪಾಯಸ ಹಂಚದಿದ್ದದ್ದೇ ಹೆಚ್ಚು!

ಮುಂದಿನ ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಬಂತು. ಹಿಂದೆಯೇ ನೆರೆಮನೆಯವರು ಓಡಿ ಬಂದರು: "ಟೀಚರೇ, ನಿಮ್ಮ ಮರದ ಗೆಲ್ಲು ರಿಕ್ಷಾದ ಮೇಲೆ ಬಿತ್ತಂತೆ!"

ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಓಡಿದರು, ಹಿಂದಿನಿಂದ ನಾನು. ರಿಕ್ಷಾದ ಟಾಪು ಹರಿದು, ಸೀಟಿನ ಮೇಲೆ ಆ ಮಾವಿನ ಮರದ ದಪ್ಪ ಕೊಂಬೆ ಕುಳಿತಿತ್ತು. ಚಾಲಕ ಮಳೆಯಲ್ಲಿ ನೆನೆಯುತ್ತ ಪಕ್ಕದಲ್ಲೇ ನಿಂತಿದ್ದ. ನನಗಿಂತ ಎತ್ತರದ, ದಪ್ಪ ಮೀಸೆಯ ಆಳು.

"ಒಳಗೆ ಯಾರಿದ್ದರು?" ಅತ್ತೆ ಎಲೆಗಳನ್ನು ಸರಿಸಿ ಒಳಗೆ ಇಣುಕಿದರು.

"ಯಾರೂ ಇಲ್ಲ ಟೀಚರೇ. ನಾನು ಎದುರು ಚಾ ಕುಡೀಲಿಕ್ಕೆ ಹೋಗಿದ್ದೆ."

"ನಿಜವಾ?"

"ದೇವರಾಣೆ. ಯಾರಿಗೂ ಎಂತದೂ ಆಗಲಿಲ್ಲ."

ಹೋದ ಜೀವ ಬಂದಂತಾಯಿತು. ಅತ್ತೆ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಸಿದು ಕುಳಿತರು. "ಮರ ಉಳಿಸಿದೆ ಅಂತ ಮೆರೆದೆ. ಒಣಗಿದ ಗೆಲ್ಲು ಉಂಟಾ ಅಂತ ತಲೆ ಎತ್ತಿ ನೋಡಲಿಲ್ಲ. ನಾಳೆಯೇ ಒಣಗಿದ್ದನ್ನೆಲ್ಲ ತೆಗೆಸುವ," ಎಂದರು. ಆಮೇಲೆ ಚಾಲಕನನ್ನು ಹತ್ತಿರ ಕರೆದರು. ಬೈಯಬಹುದೆಂದುಕೊಂಡನೋ ಏನೋ, ಅವನು ಹಿಂಜರಿಯುತ್ತ ಬಂದ. ಅತ್ತೆ ಸೆರಗಿನ ತುದಿ ಹಿಂಡಿ, ಅವನ ತಲೆ ಒರೆಸತೊಡಗಿದರು.

"ನೆನೆಯಬೇಡ ಮಗಾ. ಶೀತ ಆಗ್ತದೆ."

ಆ ಮೀಸೆಯ ಆಳು ನಡುರಸ್ತೆಯಲ್ಲಿ ಅವರಿಗೆ ಎಟಕುವಂತೆ ತಲೆ ಬಗ್ಗಿಸಿ ನಿಂತ.