ದೃಢೀಕೃತ ಪ್ರಾಮಾಣಿಕರೂ ಕಚ್ಚುವ ಬೂಟೂ

ಮೌಲ್ಯಾನುಸಾರ ಉದ್ಯೋಗ ಇಲಾಖೆಯು ಯಾವೊಬ್ಬ ಅರ್ಜಿದಾರರಿಗೂ ಅವರ ಮೌಲ್ಯಕ್ಕೆ ಒಪ್ಪದ ಕೆಲಸವನ್ನು ಕೊಟ್ಟ ನಿದರ್ಶನವಿಲ್ಲ. ಯಾರಿಗೂ ಕೆಲಸವನ್ನೇ ಕೊಟ್ಟಿರಲಿಲ್ಲವಾದ್ದರಿಂದ ಈ ದಾಖಲೆಗೆ ಚ್ಯುತಿ ಬಂದಿರಲಿಲ್ಲ. ಮೊದಲ ನೇಮಕಾತಿ ಬೂಟಿನಂಗಡಿಯ ಮಾರಾಟಗಾರರದು.

ಅವರು ಹನ್ನೊಂದು ವರ್ಷ ಗಿರಾಕಿಗಳ ಮುಂದೆ ಮಂಡಿಯೂರಿ, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್" ಎಂದವರು. ಸಡಿಲವಾಗುವುದಿಲ್ಲ, ಕಚ್ಚುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ನಿಂತರು. ನಾಚಿಕೆಯಾಗಿ ಕೆಲಸ ಬಿಟ್ಟು, ಸುಳ್ಳು ಹೇಳಬೇಕಿಲ್ಲದ ಉದ್ಯೋಗ ಬೇಕೆಂದು ಅರ್ಜಿ ಹಾಕಿದರು.

ಅರ್ಜಿಗೆ ಪ್ರಾಮಾಣಿಕತೆಯ ದೃಢೀಕರಣ ಪತ್ರ ಕಡ್ಡಾಯ. "ಸದರಿಯವರನ್ನು ಐದು ವರ್ಷಗಳಿಂದ ಖುದ್ದಾಗಿ ಬಲ್ಲೆ" ಎಂದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅಧಿಕಾರಿಗಳು ತಲೆಯೆತ್ತದೆ ಸಹಿ ಹಾಕಿ, ದಿನಕ್ಕೆ ಇನ್ನೂರು ಮಂದಿಯನ್ನು ಖುದ್ದಾಗಿ ಬಲ್ಲವರಾಗುತ್ತಾರೆ.

"ಸಾರ್, ನೀವು ನನ್ನನ್ನ ಇವತ್ತೇ ಅಲ್ವಾ ನೋಡ್ತಿರೋದು?" ಎಂದರು ಮಾರಾಟಗಾರರು.

"ಇನ್ನೂ ನೋಡಿಲ್ಲ ಕಣ್ರೀ."

"ಹಾಗಾದ್ರೆ ಇದು ಸುಳ್ಳಾಗುತ್ತಲ್ಲ?"

ಅಧಿಕಾರಿ ಬೇಜಾರು ಮಾಡಿಕೊಳ್ಳಲಿಲ್ಲ. ನಿಯಮಾವಳಿ ತಿರುವಿ ಹಾಕಿ ಹೇಳಿದರು: "ನಿಯಮ ಹದಿನಾಲ್ಕು. ಅರ್ಜಿದಾರರೇ ತಕರಾರು ತೆಗೆದಲ್ಲಿ ನಿಜವಾಗಿಯೂ ಐದು ವರ್ಷ ಬಲ್ಲವರಾಗಿರತಕ್ಕದ್ದು. ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ."

ಕೂತರು. ಬೆಳಗ್ಗೆ ಹತ್ತರಿಂದ ಐದೂವರೆ, ಸಾರ್ವತ್ರಿಕ ರಜೆ ಹೊರತುಪಡಿಸಿ. ಹೆಂಡತಿ ಹೊಲಿಗೆ ಮಷಿನ್ ತುಳಿದು ಮನೆ ನಡೆಸಿದರು. ನಾಲ್ಕು ವರ್ಷವಾಗುತ್ತಲೇ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬಲ್ಲವರಾಗುವ ಕೆಲಸವನ್ನು ಮೊದಲಿನಿಂದ ಕೈಗೆತ್ತಿಕೊಂಡರು. ಒಟ್ಟು ಒಂಬತ್ತು ವರ್ಷಕ್ಕೆ ಪತ್ರ ಕೈಸೇರಿತು. ಅದರಲ್ಲಿ ಷರಾ ಇತ್ತು: "ಖುದ್ದಾಗಿ ಬಲ್ಲೆ. ಸ್ಟೂಲಿನ ಮೇಲೆ ಕೂರುತ್ತಾರೆ."

ದೃಢೀಕೃತ ಪ್ರಾಮಾಣಿಕರಿಗೆಂದು ಆಗ ಖಾಲಿಯಿದ್ದುದು ಒಂದೇ ಹುದ್ದೆ. ಅದು ಅದೇ ಬೂಟಿನಂಗಡಿಯಲ್ಲಿತ್ತು. ಅನುಭವಿಗಳಿಗೆ ಆದ್ಯತೆ.

ಮಾಲೀಕರು ಪತ್ರಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದರು. ಮೊದಲ ಗಿರಾಕಿಯಾಗಿ ಬಂದವರು ಆ ಪತ್ರಕ್ಕೆ ಸಹಿ ಹಾಕಿದ ಅಧಿಕಾರಿಯೇ. ಮಾರಾಟಗಾರರು ಮಂಡಿಯೂರಿದರು. ಒಂಬತ್ತು ವರ್ಷ ಕಾದಿಟ್ಟುಕೊಂಡಿದ್ದ ಮಾತು ಕೊನೆಗೂ ಹೊರಬಂತು.

"ಸಾರ್, ಈ ಬೂಟು ಕಚ್ಚುತ್ತೆ. ಯಾವತ್ತೂ ಸಡಿಲ ಆಗಲ್ಲ."

ಅಧಿಕಾರಿಯ ಕಣ್ಣಲ್ಲಿ ನೀರಾಡಿತು. "ಎಂಥಾ ಮನುಷ್ಯರಪ್ಪಾ! ಇಷ್ಟು ನಿಜ ಹೇಳೋ ಅಂಗಡಿ ಇನ್ನೆಲ್ಲಿ ಸಿಗುತ್ತೆ? ಎರಡು ಜೊತೆ ಕಟ್ಟಿ."

ಸುದ್ದಿ ಹಬ್ಬಿತು. ಬಾಗಿಲಲ್ಲಿ ಸಾಲು ನಿಂತಿತು. ಕಚ್ಚುತ್ತದೆಂದು ಕೇಳಿಸಿಕೊಂಡವರೆಲ್ಲ ಸಂತೋಷದಿಂದ ಕೊಂಡು ಕುಂಟುತ್ತಾ ಹೋದರು. ಕಚ್ಚದ ಬೂಟು ಹಾಕಿದವರನ್ನು ಜನ ಅನುಮಾನದಿಂದ ನೋಡತೊಡಗಿದರು. ಇಲಾಖೆ ತನ್ನ ವಾರ್ಷಿಕ ವರದಿಯಲ್ಲಿ ನೂರಕ್ಕೆ ನೂರು ಯಶಸ್ಸು ಎಂದು ನಮೂದಿಸಿತು.

ಸಂಜೆ ಹೆಂಡತಿ ಕೇಳಿದರು: "ಈಗ ಸಮಾಧಾನ ಆಯ್ತಾ ನಿಮಗೆ?"

"ಸುಳ್ಳಂತೂ ಹೇಳ್ತಿಲ್ಲ ಕಣೇ."

"ಅಷ್ಟಾದ್ರೆ ಸಾಕು ಬಿಡಿ" ಎಂದು ಹೆಂಡತಿ ಚಹಾ ತರಲು, ಹೊಸ ಬೂಟು ಕಚ್ಚಿದ ಕಾಲಲ್ಲಿ ಕುಂಟುತ್ತಾ ಒಳಗೆ ಹೋದರು.